ಕೊನೆಯ ರೀಲನ್ನು ಬಾಯಲ್ಲಿ ಹೇಳುತ್ತಿದ್ದವರು

ಮಾತಾಡುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಎದುರಿಗಿರುವವರ ಮುಖ ನೋಡದೆ ಮಾತಾಡುವ ಮನುಷ್ಯ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಆಗ ನನಗೆ ಖಾತ್ರಿಯಿತ್ತು. ನನಗೆ ಇಪ್ಪತ್ತಮೂರು ವರ್ಷ, ನ್ಯಾಮತಿಯ ಶಾಲೆಯಲ್ಲಿ ಮೇಷ್ಟ್ರ ಕೆಲಸ. ಕಣ್ಣು ನೋಡಿಯೇ ಯಾವ ಹುಡುಗ ಸುಳ್ಳು ಹೇಳುತ್ತಿದ್ದಾನೆಂದು ಹಿಡಿಯಬಲ್ಲೆನೆಂಬ ಜಂಬವೂ ಇತ್ತು. ಅವರು ಮುಚ್ಚಿಟ್ಟಿದ್ದಂತೂ ನಿಜ. ಏನನ್ನು, ಯಾರಿಗಾಗಿ ಎಂಬುದು ತಿಳಿಯಲು ನನಗೆ ಎಂಟು ವರ್ಷ ಹಿಡಿಯಿತು.

ಡೇರೆ ಸಿನಿಮಾದಲ್ಲಿ ಕಥೆ ಹೇಳುವುದು ಅವರ ಕೆಲಸ. ಮೂಕಿ ಚಿತ್ರಗಳ ಕೊನೆಗಾಲ ಅದು. ದೊಡ್ಡ ಊರುಗಳಿಗೆ ಮಾತಾಡುವ ಚಿತ್ರ ಬಂದಿದ್ದರೂ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಎಂದು ಡೇರೆ ಹೊತ್ತು ತಿರುಗುವವರು ಹಳೆಯ ಮೂಕಿಗಳನ್ನೇ ಓಡಿಸುತ್ತಿದ್ದರು. ಪರದೆಯ ಮೇಲಿನವರು ಬಾಯಿ ಆಡಿಸುತ್ತಿದ್ದರು. ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಕೂತು ಇವರು ಅವರೆಲ್ಲರ ಮಾತನ್ನೂ ಆಡುತ್ತಿದ್ದರು. ಮುದುಕನ ಗೊಗ್ಗರು ದನಿ, ಸೊಸೆಯ ಮೆಲುದನಿ, ಮಗುವಿನ ಅಳು, ಎಲ್ಲವೂ ಆ ಒಂದೇ ಗಂಟಲಿನಿಂದ ಬರುತ್ತಿದ್ದವು. ನಲವತ್ತರ ಆಸುಪಾಸಿನ ತೆಳ್ಳನೆಯ ಆಳು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಕರಿ ಕೋಟು, ತಾವೇ ಒಗೆದುಕೊಂಡ ಪಂಚೆ. ಬೆಳಿಗ್ಗೆ ಸಂಜೆ ಮೆಣಸು ಕುದಿಸಿದ ನೀರು ಕುಡಿಯುತ್ತಿದ್ದರು.

ಅವರ ಡೇರೆಯ ಹೆಸರಾಂತ ಆಟವೆಂದರೆ ಒಂದು ದೆವ್ವದ ಚಿತ್ರ. ಅದನ್ನು ಮಾಡಿದವರ ಕೈಯಲ್ಲಿ ಕಾಸಿರಲಿಲ್ಲವೆಂದು ಎಂಥವರಿಗೂ ಗೊತ್ತಾಗುತ್ತಿತ್ತು. ಇಡೀ ಕಥೆ ನಡೆಯುವುದು ಒಂದೇ ಮನೆಯಲ್ಲಿ. ಮೊದಲ ರೀಲಿನಲ್ಲಿ ಮಾಯವಾದ ದನ ಕಾಯುವವನು ಮೂರನೇ ರೀಲಿನಲ್ಲಿ ಮೀಸೆ ಅಂಟಿಸಿಕೊಂಡು ಮಂತ್ರವಾದಿಯಾಗಿ ಬರುತ್ತಿದ್ದ. ದೆವ್ವಕ್ಕೆ ಒಂದು ಬಿಳಿ ದುಪ್ಪಟಿ. ಅದರ ಅಂಚಿನ ಕೆಳಗೆ ಚಪ್ಪಲಿ ಕಾಣುತ್ತಿತ್ತು. ಆ ಮನೆಯ ಉಗ್ರಾಣದ ಬಾಗಿಲು ತೆರೆದವರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಯಾಕೆ, ಎಲ್ಲಿಗೆ ಎಂಬುದಕ್ಕೆ ಉತ್ತರವಿಲ್ಲ. ಕಟ್ಟಕಡೆಗೆ ಸಣ್ಣ ಸೊಸೆ ಬಾಗಿಲು ತೆರೆದು, ಒಮ್ಮೆ ಹಿಂತಿರುಗಿ ನೋಡುತ್ತಾಳೆ. ಅಲ್ಲಿಗೆ ಚಿತ್ರ ಕಡಿದು ಪರದೆ ಬೆಳ್ಳಗಾಗುತ್ತಿತ್ತು. ಕೊನೆಯ ರೀಲು ಯಾವುದೋ ಊರಿನಲ್ಲಿ ಸುಟ್ಟುಹೋಗಿತ್ತಂತೆ. ಆಗ ಇವರು ಸ್ಟೂಲಿನಿಂದೆದ್ದು, ಖಾಲಿ ಪರದೆಯ ಮುಂದೆ ನಿಂತು, ಕಣ್ಣು ಮುಚ್ಚಿ ಉಳಿದ ಕಥೆಯನ್ನು ಬಾಯಲ್ಲಿ ಹೇಳುತ್ತಿದ್ದರು. ದುಪ್ಪಟಿ ನೋಡಿ ನಕ್ಕ ಜನ ಈಗ ಉಸಿರು ಬಿಗಿಹಿಡಿದು ಕೂರುತ್ತಿದ್ದರು.

"ಜನ ದೆವ್ವಕ್ಕೆ ಹೆದರಲ್ಲ ಮೇಷ್ಟ್ರೇ, ಖಾಲಿ ಬಾಗಿಲಿಗೆ ಹೆದರ್ತಾರೆ" ಎಂದು ಅವರು ನನಗೆ ಒಮ್ಮೆ ಹೇಳಿದ್ದರು. ಹೇಳಿದ ಹೊತ್ತು ಮಾತ್ರ ಸರಿಯಿರಲಿಲ್ಲ. ನನ್ನ ಅಕ್ಕ ಕಾಣೆಯಾಗಿ ಆಗ ಹದಿನೆಂಟು ದಿನವಾಗಿತ್ತು.

ಅಕ್ಕನನ್ನು ಹೊನ್ನಾಳಿಗೆ ಕೊಟ್ಟಿತ್ತು. ಮಕ್ಕಳಾಗಲಿಲ್ಲವೆಂದು ಭಾವ ಇನ್ನೊಂದು ಮದುವೆಯಾಗಿದ್ದರು. ಎರಡನೆಯವಳಿಗೆ ಗಂಡುಮಗು ಹುಟ್ಟಿತು; ಅದನ್ನು ಎತ್ತಿ ಆಡಿಸುವುದು, ಮನೆಯ ನೀರು ನಿಡಿ ಎಲ್ಲ ಅಕ್ಕನ ಪಾಲಿಗೆ ಬಂತು. ಡೇರೆ ಹೊನ್ನಾಳಿಗೆ ಬಂದಾಗ ಮನೆಯವರೆಲ್ಲ ದೆವ್ವದ ಚಿತ್ರಕ್ಕೆ ಹೋದರು. ಮಗುವನ್ನು ಎತ್ತಿಕೊಳ್ಳಲು ಅಕ್ಕನನ್ನೂ ಕರೆದೊಯ್ದರು. ಅದಾದ ಮೂರನೇ ದಿನ ಬೆಳಿಗ್ಗೆ ಅಕ್ಕ ನೀರಿಗೆಂದು ಹೊಳೆಗೆ ಹೋದವಳು ಮನೆಗೆ ಬರಲಿಲ್ಲ. ಮೆಟ್ಟಿಲ ಮೇಲೆ ತುಂಬಿದ ಕೊಡ ಇತ್ತು.

ಎರಡು ದಿನ ಹರಗೋಲು ಹಾಕಿ ಹುಡುಕಿಸಿದೆವು. ಹೆಣ ಸಿಗಲಿಲ್ಲ. ಊರಿನಲ್ಲಿ ಮಾತು ಹುಟ್ಟಿತು: ಡೇರೆಯ ದೆವ್ವ ಪರದೆಯಿಂದ ಇಳಿದು ಬಂದಿದೆ, ಸಣ್ಣ ಸೊಸೆಯ ಹಾಗೆಯೇ ಇವಳನ್ನೂ ಕರೆದುಕೊಂಡಿದೆ. ನನ್ನ ತಾಯಿ ಇದನ್ನು ನಂಬಿದಳು. ನನಗೆ ಮೊದಲು ಅನುಮಾನ ಬಂದದ್ದು ಭಾವನ ಮೇಲೆ. ಅವರ ಕೈ ನೋಡಿದೆ, ಹಿತ್ತಿಲು ನೋಡಿದೆ, ಹೊಸದಾಗಿ ಅಗೆದ ಮಣ್ಣಿದೆಯೇ ಎಂದು ದನದ ಕೊಟ್ಟಿಗೆಯಲ್ಲೂ ಕಣ್ಣಾಡಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ನನ್ನನ್ನು ಗೋಡೆಯ ಮರೆಗೆ ಕರೆದಳು.

"ನಾ ಹೇಳಿದೆ ಅಂತ ಹೇಳಬ್ಯಾಡ್ರಿ. ಹಿಂದಿನ ದಿನ ಮಧ್ಯಾಹ್ನ ನಿಮ್ಮಕ್ಕ ಡೇರೆ ಹತ್ರ ನಿಂತಿದ್ಲು. ಆ ಕಥೆ ಹೇಳೋನ ಜೊತೆ ಮಾತಾಡ್ತಿದ್ಲು."

ಅಲ್ಲಿಂದ ನನ್ನ ಅನುಮಾನಕ್ಕೆ ಒಂದೇ ಮುಖ ಉಳಿಯಿತು.

ಎರಡು ವಾರ ಕಳೆದ ಮೇಲೆ ಡೇರೆ ನ್ಯಾಮತಿಗೇ ಬಂತು. ನಾನು ದೀಪ ಹಚ್ಚುವ ಹೊತ್ತಿನ ಆಟಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಪರದೆ ಬೆಳ್ಳಗಾಯಿತು. ಅವರು ಎದ್ದು ನಿಂತು ಶುರುಮಾಡಿದರು. ಸಣ್ಣ ಸೊಸೆ ಸತ್ತಿಲ್ಲ, ಬಾಗಿಲಿನ ಆಚೆ ಒಂದು ಊರಿದೆ, ಅಲ್ಲಿ ಅವಳು ದುಡಿದು ಉಣ್ಣುತ್ತಿದ್ದಾಳೆ, ರಾತ್ರಿ ಕಣ್ತುಂಬ ನಿದ್ದೆ ಮಾಡುತ್ತಾಳೆ ಎಂದರು. ಹೆಂಗಸರ ಕಡೆಯಿಂದ ಒಂದು ನಿಟ್ಟುಸಿರು ಬಂತು. ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ನನ್ನ ಮುಖ ಅಕ್ಕನ ಮುಖದ ಪಡಿಯಚ್ಚು ಎಂದು ಎಲ್ಲರೂ ಹೇಳುತ್ತಿದ್ದರು. ಅವರ ಮಾತು ಅಲ್ಲಿಗೇ ತಡವರಿಸಿ ನಿಂತಿತು.

ಮಾರನೇ ಬೆಳಿಗ್ಗೆ ಡೇರೆಗೆ ಹೋದೆ. ಪಂಚೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದರು.

"ಹೊನ್ನಾಳಿಯಲ್ಲಿ ನಿಮ್ಮ ಹತ್ರ ಒಬ್ಬಾಕೆ ಮಾತಾಡಿದ್ರಂತೆ. ಏನು ಕೇಳಿದ್ರು?"

"ದಿನಾ ಎಷ್ಟೋ ಜನ ಮಾತಾಡ್ತಾರೆ ಮೇಷ್ಟ್ರೇ. ಎಲ್ಲಾರೂ ಕೇಳೋದು ಒಂದೇ. ಹೋದೋರು ಎಲ್ಲಿಗೋದ್ರು ಅಂತ."

"ನಾನು ಮೇಷ್ಟ್ರು ಅಂತ ನಿಮಗೆ ಯಾರು ಹೇಳಿದ್ರು?"

ಅವರು ಕಣ್ಣು ಮುಚ್ಚಿಕೊಂಡರು. "ಕೈಯಾಗೆ ಸೀಮೆಸುಣ್ಣದ ಪುಡಿ ಐತಲ್ರಿ."

ಅಂದು ಭಾನುವಾರ. ನಾನು ಸ್ನಾನ ಮಾಡಿ ಬಂದಿದ್ದೆ. ನನ್ನ ಕೈ ನೋಡಿಕೊಂಡೆ, ಏನೂ ಇರಲಿಲ್ಲ. ಆಗಲೇ ಅವರು ಖಾಲಿ ಬಾಗಿಲಿನ ಆ ಮಾತು ಹೇಳಿ, ಮೆಣಸಿನ ನೀರಿನ ಲೋಟ ಹಿಡಿದು ಒಳಗೆ ಹೋದದ್ದು.

ಅವತ್ತಿನಿಂದ ಅವರ ನೆರಳಾದೆ. ಪ್ರತಿ ಗುರುವಾರ ಅವರು ಟಪಾಲು ಡಬ್ಬಿಗೆ ತಾವೇ ಹೋಗಿ ಕಾಗದ ಹಾಕುತ್ತಿದ್ದರು. ಅಂಚೆಯವನನ್ನು ಕೇಳಿದರೆ "ಹೆಂಡ್ತಿಗೆ ಬರೀತಾರಂತೆ" ಅಂದ. ವಾರ ತಪ್ಪದೆ ಹೆಂಡತಿಗೆ ಕಾಗದ ಬರೆಯುವ ಗಂಡಸನ್ನು ನಾನು ಕಂಡಿರಲಿಲ್ಲ. ಅದೂ ಅನುಮಾನಕ್ಕೆ ಸೇರಿತು. ಯಾರ ಜೊತೆಗೂ ಕೂತು ಉಣ್ಣುತ್ತಿರಲಿಲ್ಲ, ಅದೂ ಸೇರಿತು. ಒಂದು ತಗಡಿನ ಪೆಟ್ಟಿಗೆಗೆ ಸದಾ ಬೀಗ ಹಾಕಿ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಡೇರೆ ಚನ್ನಗಿರಿಗೆ ಹೋಯಿತು. ನಾನು ರಜೆ ಹಾಕಿ, ಭಾವನನ್ನೂ ಅವರ ಕಡೆಯ ನಾಲ್ಕು ಜನರನ್ನೂ ಕರೆದುಕೊಂಡು ಹಿಂದೆಯೇ ಹೋದೆ. ಕೆರೆಬಿಳಚಿಯಿಂದೆಲ್ಲ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ಅಂದು ಅವರು ಹೇಳಿದ ಕೊನೆಯೇ ಬೇರೆ: ಸಣ್ಣ ಸೊಸೆಯನ್ನು ದೆವ್ವ ನುಂಗಿತು, ಅವಳ ಎಲುಬೂ ಸಿಗಲಿಲ್ಲ ಎಂದರು. ಒಂದೊಂದು ಊರಿನಲ್ಲಿ ಒಂದೊಂದು ಹೇಳುತ್ತಾನೆ! ಭಾವನಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಬೆಳಗಾಗುತ್ತಲೇ ಡೇರೆಗೆ ನುಗ್ಗಿ ಪೆಟ್ಟಿಗೆಯ ಬೀಗ ಒಡೆದರು. ಪೆಟ್ಟಿಗೆ ಹಿಡಿದುಕೊಂಡಿದ್ದವನು ನಾನು.

ಎರಡು ಪಂಚೆ, ಒಂದು ಕನ್ನಡಿ, ಕಾಗದದ ಕಟ್ಟು. ತಳದಲ್ಲಿ ಅರಿಶಿನದ ಬಟ್ಟೆಯಲ್ಲಿ ಸುತ್ತಿದ ಒಂದು ಜೊತೆ ಬೆಂಡೋಲೆ. ಅಕ್ಕನ ಮದುವೆಗೆ ನಮ್ಮ ಅವ್ವ ತನ್ನ ಕಿವಿಯಿಂದ ಬಿಚ್ಚಿ ಕೊಟ್ಟಿದ್ದವು.

"ಇವು ನಮ್ಮಕ್ಕನವು" ಎಂದು ಕೂಗಿದೆ.

ಅವರನ್ನು ಹೊರಗೆಳೆದು ಹೊಡೆದರು. ಭಾವ ಡೇರೆಯ ಗೂಟ ಕಿತ್ತು ಕುತ್ತಿಗೆಗೆ, ಎದೆಗೆ ಹೊಡೆದರು. ನಾನು ಹೊಡೆಯಲಿಲ್ಲ, ಬಿಡಿಸಲೂ ಇಲ್ಲ. ಅಕ್ಕ ಎಲ್ಲಿ ಎಂದು ಮಾತ್ರ ಕೇಳುತ್ತಲೇ ಇದ್ದೆ. ಬಾಯಿಂದ ರಕ್ತ ಸುರಿಯುತ್ತಿದ್ದರೂ ಅವರು ಹೇಳಿದ್ದು ಒಂದೇ ಮಾತು.

"ಹೊಳೆ ಮರಳಿನಾಗೆ ಸಿಕ್ಕವು."

ಠಾಣೆಯಲ್ಲೂ ಅದನ್ನೇ ಹೇಳಿದರು, ಕೋರ್ಟಿನಲ್ಲೂ ಅದನ್ನೇ. ಹೆಣವಿಲ್ಲದ್ದರಿಂದ ಕೊಲೆಯೆನ್ನಲು ಆಗಲಿಲ್ಲ. ಒಡವೆ ಇಟ್ಟುಕೊಂಡದ್ದಕ್ಕೆ ಆರು ತಿಂಗಳ ಸಜೆಯಾಯಿತು. ಅರ್ಜಿ ಬರೆದವನೂ ಸಾಕ್ಷಿ ಹೇಳಿದವನೂ ನಾನೇ. ಓಲೆಗಳನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ತಾಯಿ ಮಗಳು ಸತ್ತಳೆಂದು ತೀರ್ಮಾನಿಸಿದಳು. ಎರಡನೇ ವರ್ಷ ತಾನೂ ತೀರಿಕೊಂಡಳು.

ಆಮೇಲೆ ಮಾತಾಡುವ ಚಿತ್ರಗಳು ನಮ್ಮ ಕಡೆಗೂ ಬಂದವು. ಪರದೆಯ ಪಕ್ಕದ ಸ್ಟೂಲು ಯಾರಿಗೂ ಬೇಡವಾಯಿತು. ಯುದ್ಧ ಶುರುವಾಗಿ, ಸೀಮೆಎಣ್ಣೆಗೆ ಸಾಲು ನಿಲ್ಲುವ ದಿನಗಳಲ್ಲಿ ನನಗೆ ಜಗಳೂರಿಗೆ ವರ್ಗವಾಯಿತು. ಹೋದ ತಿಂಗಳೊಳಗೆ ಒಂದು ಮಧ್ಯಾಹ್ನ ಪೇಟೆಯಲ್ಲಿ ಒಂದು ಎತ್ತಿನ ಗಾಡಿ ಬಂತು. ಎರಡೂ ಕಡೆ ಸಿನಿಮಾದ ಬಣ್ಣದ ಕಾಗದ ಅಂಟಿಸಿದ್ದರು. ಒಳಗೆ ಕೂತವರು ತಗಡಿನ ಕಹಳೆ ಹಿಡಿದು ಆಟದ ಹೆಸರು ಕೂಗುತ್ತಿದ್ದರು. ದನಿ ಒಡೆದು ಗೊರಗೊರ ಎನ್ನುತ್ತಿತ್ತು. ಕೂಗುವಾಗ ಅವರ ಕಣ್ಣು ಮುಚ್ಚಿತ್ತು.

ಎಂಟು ವರ್ಷದ ಸಿಟ್ಟು ಒಮ್ಮೆಗೇ ತಲೆಗೇರಿತು. ಗಾಡಿಯ ಹಿಂದೆಯೇ ನಡೆದೆ. ಸೊಕ್ಕೆಯ ದಾರಿಯಲ್ಲಿ ಜನ ಕಡಿಮೆಯಾದ ಮೇಲೆ ಅವರೇ ಗಾಡಿ ನಿಲ್ಲಿಸಿದರು.

"ಬಿಸಿಲಾಗೆ ಯಾಕೆ ನಡೀತೀರಿ ಮೇಷ್ಟ್ರೇ, ಹತ್ರಿ."

"ನಮ್ಮಕ್ಕನ್ನ ಏನು ಮಾಡಿದೆ? ಜೈಲಿಗೆ ಹೋಗಿ ಬಂದಾಯ್ತಲ್ಲ, ಇನ್ನಾದ್ರೂ ಹೇಳು. ಎಲ್ಲಿ ಹೂತಿದೀಯ ಅಂತ ಹೇಳು, ಸಾಕು."

ಅವರು ಕಹಳೆಯನ್ನು ಪಕ್ಕಕ್ಕಿಟ್ಟರು. "ತಾಯಿ ಹೆಂಗೈದಾರೆ?" ಎಂದರು.

"ಸತ್ತಳು. ಮಗಳ ಕೊರಗಿನಲ್ಲೇ ಸತ್ತಳು."

ಅವರ ಮುಖ ಬಿಳುಚಿತು. ಅಂಥ ಮುಖವನ್ನು ಮಾಡಿಕೊಳ್ಳುವುದು ಅವರಿಗೆ ಕಷ್ಟವಲ್ಲ, ಅದೇ ಅವರ ಕಸುಬು ಎಂದುಕೊಂಡೆ.

"ನನಗೊಂದು ಹದಿನೈದು ದಿನ ಕೊಡ್ರಿ" ಎಂದರು. "ಹೇಳಬೇಕಾದೋರು ಹೇಳ್ತಾರೆ. ನಾನು ಹೇಳೋದಲ್ಲ ಅದು."

ಓಡಿಹೋಗುವ ಹುನ್ನಾರವೆಂದು ನನಗೆ ಅನುಮಾನವೇ ಉಳಿಯಲಿಲ್ಲ. ಶಾಲೆ ಬಿಟ್ಟ ಕೂಡಲೇ ಬಸ್ ನಿಲ್ಲುವ ಜಾಗಕ್ಕೆ ಹೋಗಿ ಕಾಯತೊಡಗಿದೆ. ದಾವಣಗೆರೆಯ ಬಸ್ಸಿಗೆ ಯಾರು ಹತ್ತುತ್ತಾರೆ ಎಂಬುದರ ಮೇಲೆಯೇ ನನ್ನ ಕಣ್ಣು. ಹನ್ನೆರಡನೇ ದಿನ ಬಸ್ಸು ಬಂದಾಗಲೂ ಹತ್ತುವವರ ಕಡೆಗೇ ನೋಡುತ್ತಿದ್ದೆ. ಇಳಿದವರಲ್ಲಿ ಒಬ್ಬಾಕೆ ನನ್ನ ಮುಂದೆ ಬಂದು ನಿಂತಳು. ಬಿಳಿ ಸೀರೆ, ಕೈಯಲ್ಲಿ ಕೊಡೆ, ಕಿವಿ ಬರಿದು.

"ಎಷ್ಟು ಸೊರಗಿದೀಯೋ" ಎಂದಳು ಅಕ್ಕ.

ಮನೆಗೆ ಬಂದು ಕೂತ ಮೇಲೆ ಅವಳು ಹೇಳಿದ್ದನ್ನು ನನಗೆ ನೆನಪಿರುವಷ್ಟು ಬರೆಯುತ್ತೇನೆ.

ಚಿತ್ರ ನೋಡಿದ ಎರಡನೇ ದಿನ ಮಧ್ಯಾಹ್ನ ಅವಳು ಬಟ್ಟೆ ಒಗೆಯುವ ನೆಪದಲ್ಲಿ ಡೇರೆಗೆ ಹೋಗಿದ್ದಳು. "ಅಣ್ಣಾ, ಸಣ್ಣ ಸೊಸೆ ಬದುಕೈದಾಳೆ ಅಂದ್ರಲ್ಲ, ಎಲ್ಲಿದಾಳೆ?" ಎಂದು ಕೇಳಿದಳು. ಅವರು ನಕ್ಕು "ಅದು ಕಥೆ ಕಣವ್ವಾ" ಎಂದರಂತೆ. "ಕಥೆ ಆದ್ರೂ ಊರಿಗೊಂದು ಹೆಸರು ಇರ್ತದಲ್ಲ" ಎಂದು ಇವಳು ರವಿಕೆಯ ತೋಳು ಸರಿಸಿ ಸುಟ್ಟ ಗುರುತು ತೋರಿಸಿದಳು. ಅವರ ನಗು ನಿಂತಿತು. ಕಣ್ಣು ಮುಚ್ಚಿ ಕೂತರು. ಆಮೇಲೆ ಮೆಲ್ಲಗೆ "ಹುಬ್ಬಳ್ಳಿ" ಎಂದರು.

ಹುಬ್ಬಳ್ಳಿಯಲ್ಲಿ ಅವರ ಹೆಂಡತಿ ಹೆಂಗಸರ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದರು. ಅವರಿಗೊಂದು ಚೀಟಿ ಬರೆದು, ಹರಿಹರಕ್ಕೆ ಯಾವ ಬಸ್ಸು, ಅಲ್ಲಿಂದ ಯಾವ ರೈಲು ಎಂದು ಎರಡೆರಡು ಸಲ ಹೇಳಿ ಬಾಯಿಪಾಠ ಮಾಡಿಸಿದರು. ರೈಲಿನ ಖರ್ಚನ್ನು ಸುಮ್ಮನೆ ಪಡೆಯಲಾರೆನೆಂದು ಅಕ್ಕ ಓಲೆ ಬಿಚ್ಚಿಟ್ಟಳು. "ಇಟ್ಟಿರ್ತೀನಿ, ಮಾರಲ್ಲ. ನಿನ್ನ ಕಾಲ ಮೇಲೆ ನೀನು ನಿಂತ ಮೇಲೆ ತಗಾ" ಎಂದು ಅವರು ಇಟ್ಟುಕೊಂಡರು. ಅವಳು ಕೇಳಿಕೊಂಡದ್ದು ಒಂದೇ: ಬದುಕಿದ್ದೇನೆಂದು ಯಾರಿಗೂ ಹೇಳಬಾರದು. ಅದೇ ಆಸ್ಪತ್ರೆಯಲ್ಲಿ ಅವಳಿಗೂ ಕೆಲಸ ಸಿಕ್ಕಿತು. ವಾರವಾರವೂ ಅವರು ಬರೆಯುತ್ತಿದ್ದ ಕಾಗದದಲ್ಲಿ ಅವಳಿಗೂ ನಾಲ್ಕು ಸಾಲು ಇರುತ್ತಿದ್ದವು.

"ಜೈಲಿಗೆ ಹೋದದ್ದು ಗೊತ್ತಾಗಲಿಲ್ಲವಾ?" ಎಂದೆ.

"ಅತ್ತಿಗೆಗೆ ಗೊತ್ತಿತ್ತು. ನಂಗೆ ಹೇಳಬ್ಯಾಡ ಅಂತ ಅಣ್ಣ ಬರೆದಿದ್ರಂತೆ. ಬಿಡುಗಡೆ ಆಗಿ ಬಂದ ಮೇಲೆ ತಿಳೀತು. ನಾ ಹೋಗಿ ಹೇಳ್ತೀನಿ ಅಂತ ಹಟ ಹಿಡಿದೆ. ಆರು ತಿಂಗಳು ಆಗೋತು, ಈಗ ನೀನು ಹೋದ್ರೆ ಅದೂ ದಂಡ ಅಂದ್ರು."

"ನನಗಾದರೂ ಒಂದು ಸಾಲು ಬರೆಯಬಹುದಿತ್ತು. ಅವ್ವ ಬದುಕುತ್ತಿದ್ದಳು."

ಅವ್ವನ ಸುದ್ದಿ ಅವಳಿಗೆ ಕಾಗದದಲ್ಲಿ ತಿಳಿದಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಅವಳು ನನ್ನನ್ನೇ ನೋಡಿದಳು.

"ಎರಡು ಸಲ ನಿನ್ನ ಹತ್ರ ಬಂದಿದ್ನಲ್ಲೋ. ನೀನೇನು ಮಾಡಿದೆ?"

ಇದನ್ನು ನಾನು ಇಲ್ಲಿಯವರೆಗೆ ಬರೆಯಲಿಲ್ಲ. ಅವಳು ಕಾಣೆಯಾಗುವ ಮೊದಲು ಎರಡು ಸಲ ನ್ಯಾಮತಿಗೆ ನಡೆದೇ ಬಂದಿದ್ದಳು. ತೋಳಿನ ಸುಟ್ಟಗಾಯವನ್ನು ನನಗೂ ತೋರಿಸಿದ್ದಳು. ಕೊಬ್ಬರಿ ಎಣ್ಣೆ ಹಚ್ಚಿ, ಊಟ ಹಾಕಿ, ಎರಡು ಸಲವೂ ನಾನೇ ಗಾಡಿ ಮಾಡಿಕೊಂಡು ಹೊನ್ನಾಳಿಗೆ ವಾಪಸು ಬಿಟ್ಟುಬಂದಿದ್ದೆ. ಭಾವ ನನ್ನನ್ನು ಕೂರಿಸಿ ಎಲೆ ಅಡಿಕೆ ಕೊಟ್ಟು ಮರ್ಯಾದೆ ಮಾಡಿದ್ದರು. ಅವರ ಹಿತ್ತಿಲಿನ ಮಣ್ಣನ್ನು ಅನುಮಾನಿಸಿದೆ, ಕಥೆ ಹೇಳುವವರ ಬೀಗದ ಕೈಯನ್ನು ಅನುಮಾನಿಸಿದೆ. ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದ ಗಾಡಿ ಮಾತ್ರ ಒಂದು ದಿನವೂ ನನ್ನ ಕಣ್ಣಿಗೆ ಬೀಳಲಿಲ್ಲ.

ಸಂಜೆ ಕಥೆ ಹೇಳುವವರ ಕೋಣೆಗೆ ಹೋದೆ. ಒಲೆಯ ಮೇಲೆ ಮೆಣಸಿನ ನೀರು ಕುದಿಯುತ್ತಿತ್ತು. ಕಾಲಿಗೆ ಬೀಳಲು ಬಗ್ಗಿದರೆ ಹೆಗಲು ಹಿಡಿದು ಎತ್ತಿದರು.

"ನಾಳೆಯೇ ಹೋಗಿ ನನ್ನ ಸಾಕ್ಷಿ ಸುಳ್ಳು ಅಂತ ಬರೆದುಕೊಡ್ತೀನಿ" ಎಂದೆ.

"ಬರೆದುಕೊಟ್ರೆ ಆಯಮ್ಮ ಬದುಕೈದಾಳೆ ಅಂತ ಗೊತ್ತಾಗ್ತದೆ. ಗಂಡ ಇನ್ನಾ ಗಟ್ಟಿಯಾಗಿ ಐದಾನೆ. ಹುಬ್ಬಳ್ಳಿ ಏನು ದೂರ? ನನ್ನ ಮರ್ಯಾದಿ ಹೋಗಿದ್ದು ಹೋಗೈತೆ. ಅದನ್ನ ತರಾಕೆ ಹೋಗಿ ಆಯಮ್ಮನ್ನ ಕಳೀಬ್ಯಾಡ್ರಿ."

"ನೀವು ಅವತ್ತೇ ನಿಜ ಹೇಳಿದ್ದರೆ ನಾನು..."

"ನೀವು ಏನು ಮಾಡ್ತಿದ್ರಿ ಅಂತ ಆಯಮ್ಮ ಹೇಳಿದ್ಲು ಮೇಷ್ಟ್ರೇ" ಎಂದರು. ಕಣ್ಣು ತೆರೆದೇ ಹೇಳಿದರು. ಬೈಗುಳ ಇರಲಿಲ್ಲ ಅದರಲ್ಲಿ.

ಚನ್ನಗಿರಿಯಲ್ಲಿ ಸಣ್ಣ ಸೊಸೆಯನ್ನು ಯಾಕೆ ಸಾಯಿಸಿದಿರಿ ಎಂದು ಕೇಳಿದೆ. ಮುಂದಿನ ಸಾಲಿನಲ್ಲಿ ಗಂಡನೂ ತಮ್ಮನೂ ಕೂತಿದ್ದರಲ್ಲ, ಸತ್ತಳೆಂದು ನಂಬಿದರೆ ಹುಡುಕುವುದನ್ನು ಬಿಡುತ್ತಾರೇನೋ ಎಂದುಕೊಂಡರಂತೆ. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಗೂಟದ ಏಟು ಬಿದ್ದ ಗಂಟಲು. ನಾಲ್ಕು ಮಾತು ಒಟ್ಟಿಗೆ ಆಡಿದರೆ ಹಾಗಾಗುತ್ತಿತ್ತು. ಮೆಣಸಿನ ನೀರನ್ನು ಬಸಿದು ಕೊಟ್ಟೆ. ನನ್ನ ಕೈಯಿಂದ ತೆಗೆದುಕೊಂಡು ಕುಡಿದರು.

ಜಗಳೂರಿನಲ್ಲಿ ನಾನಿದ್ದ ಮೂರು ವರ್ಷವೂ ಸಂಜೆ ಅವರ ಜೊತೆ ಕೆರೆಯ ಏರಿಯ ಮೇಲೆ ತಿರುಗಾಡಿದೆ. "ಆ ಮನುಷ್ಯ ಹೊನ್ನಾಳಿಯಾಗೆ ಹೆಂಗಸೊಬ್ಬಳನ್ನ ಮಾಯ ಮಾಡಿದೋನು. ಗೊತ್ತಿದ್ದೂ ಹೆಂಗೆ ಸೇರ್ತೀರಿ?" ಎಂದು ಹೆಡ್‌ಮೇಷ್ಟ್ರೇ ಕರೆದು ಕೇಳಿದರು. ನಿಜ ಹೇಳುವಂತಿರಲಿಲ್ಲ; ಅಂದು ಸಂಜೆಯೂ ಅವರ ಜೊತೆಗೇ ಏರಿ ಹತ್ತಿದೆ. ಕಥೆ ಹೇಳುವವರು ಬದುಕಿರುವವರೆಗೂ ಆ ಮಾತು ಅವರ ಬೆನ್ನು ಬಿಡಲಿಲ್ಲ. ಯುದ್ಧ ಮುಗಿದ ವರ್ಷ, ಮಳೆಗಾಲದ ಮೊದಲಲ್ಲಿ, ಹುಬ್ಬಳ್ಳಿಯಲ್ಲಿ ಹೆಂಡತಿಯ ಮನೆಯಲ್ಲೇ ತೀರಿಕೊಂಡರು. ಬಾಯಿಗೆ ನೀರು ಬಿಟ್ಟವಳು ಅಕ್ಕ.

ಭಾವ ಸತ್ತದ್ದು ಅದಾದ ಮರುವರ್ಷ. ಹನ್ನೆರಡು ದಿನ ಕಳೆಯಲೆಂದು ಕಾದು, ಅಕ್ಕನನ್ನು ಜೊತೆಗೆ ಕರೆದುಕೊಂಡು ಠಾಣೆಗೆ ಹೋದೆ. ಹೊಸ ದಫೇದಾರರು ನನ್ನ ಅರ್ಜಿಯನ್ನು ಎರಡು ಸಲ ಓದಿ, ಅಕ್ಕನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಸಜೆ ಅನುಭವಿಸಿದೋರೂ ಇಲ್ಲ, ಹೊಡೆದೋರೂ ಇಲ್ಲ. ಈಗ ಇದನ್ನ ಬರ್ಕೊಂಡು ಏನು ಮಾಡಾಕೆ ಬರ್ತದ್ರೀ?"

"ಬರ್ಕೊಳ್ರಿ" ಎಂದಳು ಅಕ್ಕ.

ಅವರು ಲೇಖನಿ ಅದ್ದಿದರು. "ಆತ ನಿಮಗೆ ಏನಾಗಬೇಕವ್ವಾ?"

"ಅಣ್ಣ."

ದಫೇದಾರರು ಬರೆದುಕೊಂಡು ನನ್ನ ಕಡೆ ತಿರುಗಿದರು. "ನೀವು ಇವರ ತಮ್ಮ ಅಂದ್ರಲ್ಲ. ಹಂಗಾದ್ರೆ ನಿಮಗೂ ಅಣ್ಣನೇ ಆಗಬೇಕಲ್ರೀ?"

ನಾನು ಅಕ್ಕನ ಕಡೆ ನೋಡಿದೆ. ಅವರು ಲೇಖನಿ ಹಿಡಿದು ಕಾಯುತ್ತಿದ್ದರು. ಅಕ್ಕ ನನ್ನ ಮುಖ ನೋಡದೆ ಹೇಳಿದಳು:

"ಆಗಬೇಕು. ಬರ್ಕೊಳ್ರಿ."